ಎಂಸಿಬಿ ಬಿದ್ದಾಗ: ಎತ್ತುವ ಮೊದಲು ನೋಡಬೇಕಾದ್ದು, ಎತ್ತಿದ ಮೇಲೆ ಹುಡುಕಬೇಕಾದ್ದು

ಮನೆಯ ಕರೆಂಟ್ ಬೋರ್ಡಿನಲ್ಲಿ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್, ಬಿದ್ದ ಕೂಡಲೇ ಕೈ ತಾನಾಗಿ ಬೋರ್ಡಿನ ಕಡೆ ಹೋಗುತ್ತದೆ. ಎತ್ತಿಬಿಡೋಣ, ನಿಂತ ಕೆಲಸ ಮುಂದುವರಿಸೋಣ ಅನ್ನಿಸುತ್ತದೆ. ಆ ಕೈಯನ್ನು ಒಂದು ನಿಮಿಷ ತಡೆಯಿರಿ ಅಂತ ಕೇಳಿಕೊಳ್ಳೋದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಎಂಸಿಬಿ ಸುಮ್ನೆ ಬೀಳುವುದು ಅಪರೂಪ. ಯಾವುದು ಬಿತ್ತು, ಏನು ಹಾಕಿದಾಗ ಬಿತ್ತು, ಹಾಕಿ ಎಷ್ಟು ಹೊತ್ತಿಗೆ ಬಿತ್ತು: ಈ ಮೂರು ಗೊತ್ತಾದರೆ ಕಾರಣ ಹೆಚ್ಚುಕಡಿಮೆ ಗೊತ್ತಾದಂತೆ. ಗಮನಿಸದೆ ಎತ್ತಿಬಿಟ್ಟರೆ ಆ ಸುಳಿವು ಕೈತಪ್ಪಿ ಹೋಗುತ್ತದೆ.

ಬೋರ್ಡ್ ಮುಟ್ಟುವ ಮೊದಲು

ಮೊದಲು ಮೂಗಿಗೆ ಕೆಲಸ ಕೊಡಿ. ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದೆಯಾ? ಬೋರ್ಡ್‌ನಿಂದ ಜುಂಯ್ ಅನ್ನುವ ಸದ್ದು, ಚಟಚಟ ಸದ್ದು ಕೇಳುತ್ತಿದೆಯಾ? ಗೋಡೆ ಒದ್ದೆಯಾಗಿ ನೀರು ಬೋರ್ಡಿನೊಳಗೆ ಇಳಿದಿದೆಯಾ? ಯಾವುದಾದರೂ ಒಂದಕ್ಕೆ ಹೌದು ಅನ್ನಿಸಿದರೆ ಬೋರ್ಡ್ ಮುಟ್ಟಲೇಬೇಡಿ. ಮೇನ್ ಸ್ವಿಚ್ ಬೇರೆ ಕಡೆ ಒಣ ಜಾಗದಲ್ಲಿದ್ದರೆ ಅದನ್ನು ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಹೊಗೆ ಅಥವಾ ಬೆಂಕಿ ಕಂಡರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು.

ಇದ್ಯಾವುದೂ ಇಲ್ಲ ಅಂದರೆ ಮುಂದುವರಿಯಬಹುದು. ಕೈ ಒಣಗಿರಲಿ, ಕಾಲಿಗೆ ಒಣ ಚಪ್ಪಲಿ ಇರಲಿ, ನಿಂತ ನೆಲ ಒದ್ದೆ ಇರಬಾರದು. ಬೆಳಕಿಗೆ ಟಾರ್ಚ್ ಹಿಡಿಯಿರಿ, ಮೇಣದಬತ್ತಿ ಬೇಡ.

ಇನ್ನೊಂದು ಮಾತು. ಮನೆಯಲ್ಲಿ ಯುಪಿಎಸ್, ಇನ್ವರ್ಟರ್ ಅಥವಾ ಸೋಲಾರ್ ಇದ್ದರೆ ಮೇನ್ ಆಫ್ ಮಾಡಿದ ಮೇಲೂ ಕೆಲವು ತಂತಿಗಳಲ್ಲಿ ಕರೆಂಟ್ ಇರುತ್ತದೆ. ಬೋರ್ಡಿನ ಮುಚ್ಚಳ ಬಿಚ್ಚುವುದು ನಿಮ್ಮ ಕೆಲಸವಲ್ಲ. ಇಲ್ಲಿ ಹೇಳುವುದೆಲ್ಲ ಹೊರಗಿನಿಂದ, ಲಿವರ್ ಮತ್ತು ಪ್ಲಗ್ ಮುಟ್ಟಿ ಮಾಡುವ ಕೆಲಸ ಮಾತ್ರ.

ಬೋರ್ಡಿನಲ್ಲಿ ಯಾರ ಕೆಲಸ ಏನು

ಸಾಲಾಗಿ ನಿಂತಿರುವ ಸಣ್ಣ ಲಿವರ್‌ಗಳು ಎಂಸಿಬಿಗಳು. ಒಂದೊಂದೂ ಮನೆಯ ಒಂದೊಂದು ಭಾಗಕ್ಕೆ. ಇವುಗಳ ಜೊತೆ ಸ್ವಲ್ಪ ಅಗಲವಾದ, ಮೈಮೇಲೆ ‘ಟೆಸ್ಟ್’ ಅಂತ ಬರೆದ ಬಟನ್ ಇರುವ ಇನ್ನೊಂದು ಇರುತ್ತದೆ. ಅದು ಆರ್‌ಸಿಸಿಬಿ. ಕೆಲವು ಮನೆಗಳಲ್ಲಿ ಎರಡೂ ಕೆಲಸ ಒಟ್ಟಿಗೆ ಮಾಡುವ ಆರ್‌ಸಿಬಿಒ ಇರುತ್ತದೆ. ಅದಕ್ಕೂ ಟೆಸ್ಟ್ ಬಟನ್ ಇದೆ. ಎಲ್ಲಕ್ಕಿಂತ ಮುಂಚೆ ಒಂದು ಮೇನ್ ಸ್ವಿಚ್.

ಎಂಸಿಬಿ ನೋಡುವುದು ತಂತಿಯಲ್ಲಿ ಕರೆಂಟ್ ಜಾಸ್ತಿ ಆಯಿತಾ ಅಂತ. ಅದರೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಂದು, ಎರಡು ಲೋಹಗಳನ್ನು ಅಂಟಿಸಿ ಮಾಡಿದ ಪಟ್ಟಿ. ಕರೆಂಟ್ ಜಾಸ್ತಿಯಾದರೆ ಬಿಸಿಯಾಗಿ ನಿಧಾನವಾಗಿ ಬಾಗುತ್ತದೆ, ಸಾಕಷ್ಟು ಬಾಗಿದಾಗ ಲಿವರ್ ಬೀಳಿಸುತ್ತದೆ. ಇನ್ನೊಂದು, ತಂತಿಯ ಸುರುಳಿ. ಕರೆಂಟ್ ಒಮ್ಮೆಲೇ ಹಲವು ಪಟ್ಟು ಏರಿದರೆ ಇದು ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ನಿಧಾನದವನು ಬೀಳಿಸಿದನಾ, ಅವಸರದವನು ಬೀಳಿಸಿದನಾ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಆರ್‌ಸಿಸಿಬಿಗೆ ಕರೆಂಟ್ ಎಷ್ಟು ಅನ್ನುವುದು ಬೇಕಾಗಿಲ್ಲ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅನ್ನುವ ಲೆಕ್ಕ ಮಾತ್ರ ಅದಕ್ಕೆ ಬೇಕು. ವ್ಯತ್ಯಾಸ ಬಂದರೆ ಆ ಕರೆಂಟ್ ಬೇರೆ ದಾರಿ ಹಿಡಿದಿದೆ ಅಂತ ಅರ್ಥ. ಆ ದಾರಿ ಒದ್ದೆ ಗೋಡೆ ಆಗಿರಬಹುದು, ಗೀಸರ್‌ನ ಮೈ ಆಗಿರಬಹುದು, ಮನುಷ್ಯನ ದೇಹವೂ ಆಗಿರಬಹುದು. ಜೀವ ಉಳಿಸಲು ಮನೆಗಳಿಗೆ ಹಾಕುವುದು 30 ಮಿಲಿ ಆಂಪಿಯರ್‌ನದ್ದು. ಕೆಲವದರ ಮೇಲೆ 0.03 ಅಂತ ಬರೆದಿರುತ್ತದೆ.

ಎತ್ತುವ ಕ್ರಮ

ಬಿದ್ದ ಎಂಸಿಬಿ ಯಾವಾಗಲೂ ಪೂರ್ತಿ ಕೆಳಗೆ ಬಂದಿರುವುದಿಲ್ಲ. ಕೆಲವು ಕಂಪನಿಯವು ನಡುವೆ ನಿಲ್ಲುತ್ತವೆ. ದೂರದಿಂದ ನೋಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಹತ್ತಿರ ಹೋಗಿ ಸಾಲಿನ ನೇರ ನೋಡಿ. ಎಲ್ಲ ಲಿವರ್‌ಗಳೂ ಸರಿಯಿದ್ದು ಮನೆಯೆಲ್ಲ ಕತ್ತಲಾಗಿದ್ದರೆ, ಅಕ್ಕಪಕ್ಕದ ಮನೆಗಳಲ್ಲಿ ಬೆಳಕಿದೆಯಾ ಅಂತ ಒಮ್ಮೆ ನೋಡಿ. ಹೊರಗಿನ ಸಪ್ಲೈ ಹೋಗಿದ್ದಕ್ಕೆ ನಮ್ಮ ಬೋರ್ಡನ್ನು ತಡಕಾಡಿ ಪ್ರಯೋಜನವಿಲ್ಲ.

1. ಬಿದ್ದದ್ದು ಯಾವುದು ಅಂತ ಗುರುತು ಮಾಡಿಕೊಳ್ಳಿ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಆಮೇಲೆ ಎಲೆಕ್ಟ್ರಿಷಿಯನ್‌ಗೆ ತೋರಿಸಬಹುದು.

2. ಆ ಕ್ಷಣಕ್ಕೆ ಏನೇನು ಓಡುತ್ತಿತ್ತು ಅಂತ ಮನೆಯವರನ್ನೆಲ್ಲ ಕೇಳಿ. ಯಾರೋ ಪಕ್ಕದ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿರುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ.

3. ಆ ಭಾಗದ ಉಪಕರಣಗಳ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ.

4. ಮುಖ ಬೋರ್ಡಿನ ಎದುರಿಗೆ ಇರದಂತೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಲಿವರನ್ನು ಮೊದಲು ಪೂರ್ತಿ ಕೆಳಗೆ ಒತ್ತಿ. ಒಳಗಿನ ಸ್ಪ್ರಿಂಗ್ ಮತ್ತೆ ಕೊಂಡಿಗೆ ಸಿಕ್ಕಿದ ಸದ್ದು ಬರುತ್ತದೆ. ಆಮೇಲೆ ಒಂದೇ ಸಲಕ್ಕೆ, ಗಟ್ಟಿಯಾಗಿ ಮೇಲಕ್ಕೆತ್ತಿ. ನಡುವಿನಿಂದ ನೇರ ಎತ್ತಿದರೆ ತುಂಬಾ ಸಲ ನಿಲ್ಲುವುದಿಲ್ಲ. ‘ಎಂಸಿಬಿ ಕೆಟ್ಟಿದೆ’ ಅಂತ ಜನ ತಪ್ಪು ತಿಳಿಯುವುದು ಇಲ್ಲೇ.

5. ನಿಂತರೆ ಐದು ನಿಮಿಷ ಕಾಯಿರಿ. ಆಮೇಲೆ ಒಂದೊಂದೇ ಪ್ಲಗ್ ಹಾಕಿ, ಒಂದೊಂದೇ ಆನ್ ಮಾಡಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದರ ಮೇಲೆ ಮೊದಲ ಅನುಮಾನ.

6. ಏನೂ ಹಾಕದೆಯೇ ಮತ್ತೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಎರಡನೇ ಸಲ, ಮೂರನೇ ಸಲ ಎತ್ತಬೇಡಿ.

ಲಿವರನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ಕರೆಂಟ್ ಹೋಗದೆ ನಿಲ್ಲುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ನಿಲ್ಲುವುದಿಲ್ಲ. ಲಿವರ್ ಮೇಲೇ ಇದ್ದರೂ ಒಳಗೆ ಕೊಂಡಿ ಬಿಟ್ಟುಕೊಳ್ಳುವ ಹಾಗೆ ಅದನ್ನು ಮಾಡಿರುತ್ತಾರೆ. ಇನ್ನು ಟೇಪ್ ಸುತ್ತುವುದು, ಕಡ್ಡಿ ಸಿಕ್ಕಿಸುವುದು ಬೇಡವೇ ಬೇಡ. ಶಾರ್ಟ್ ಇರುವ ಲೈನ್ ಮೇಲೆ ಎತ್ತಿದಾಗಲೆಲ್ಲ ಆ ತಂತಿಯಲ್ಲಿ ನೂರಾರು ಆಂಪಿಯರ್ ಹರಿದು ನಿಲ್ಲುತ್ತದೆ. ತಂತಿಗೂ ಪೆಟ್ಟು, ಎಂಸಿಬಿಗೂ ಪೆಟ್ಟು.

ಹಾಕಿದ ಕ್ಷಣವೇ ಬಿದ್ದರೆ

ಎತ್ತಿದ ತಕ್ಷಣ, ಅಥವಾ ಒಂದು ಸ್ವಿಚ್ ಒತ್ತಿದ ತಕ್ಷಣ ಟಪ್ ಅಂತ ಬಿದ್ದರೆ ಅದು ಅವಸರದ ಕಾವಲುಗಾರನ ಕೆಲಸ. ಫೇಸ್ ಮತ್ತು ನ್ಯೂಟ್ರಲ್ ಎಲ್ಲೋ ನೇರವಾಗಿ ತಾಗಿವೆ, ಶಾರ್ಟ್ ಆಗಿದೆ. ಇಲ್ಲವೇ ಫೇಸ್ ಅರ್ತ್‌ಗೆ ತಾಗಿದೆ. ಉಪಕರಣದ ವೈರ್ ಬಾಗುವ ಜಾಗ, ಪ್ಲಗ್‌ನ ಬುಡ, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಎಕ್ಸ್‌ಟೆನ್ಷನ್, ಇಲಿ ಕಡಿದ ವೈರ್: ಮೊದಲು ಇವನ್ನು ನೋಡಿ. ಪ್ಲಗ್‌ನ ಪಿನ್ ಸುತ್ತ ಕಪ್ಪಾಗಿದ್ದರೆ ಆ ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬಳಸಬೇಡಿ.

ಒಂದು ವಿನಾಯಿತಿ ಇದೆ. ಮೋಟಾರ್ ಇರುವ ಉಪಕರಣ, ಅಂದರೆ ಪಂಪ್, ಹಳೇ ಎಸಿಯಂಥದ್ದು, ಶುರುವಾಗುವಾಗ ಅರೆಗಳಿಗೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎಂಸಿಬಿ ಮೇಲೆ ಬಿ16, ಸಿ16 ಅಂತ ಬರೆದಿರುವುದು ಇದಕ್ಕೇ. ಬಿ ಆದರೆ ಪಕ್ಕದಲ್ಲಿ ಬರೆದ ಆಂಪಿಯರ್‌ನ 3ರಿಂದ 5 ಪಟ್ಟಿಗೆ, ಸಿ ಆದರೆ 5ರಿಂದ 10 ಪಟ್ಟಿಗೆ, ಡಿ ಆದರೆ 10ರಿಂದ 20 ಪಟ್ಟಿಗೆ ತಕ್ಷಣ ಬೀಳುತ್ತದೆ. ಬಿ16 ಮೇಲೆ ಪಂಪ್ ಹಾಕಿದರೆ ಪಂಪ್ ಚೆನ್ನಾಗಿದ್ದರೂ ಶುರುವಿನಲ್ಲೇ ಬೀಳಬಹುದು. ಹಾಗಂತ ನೀವೇ ಸಿ ತಂದು ಹಾಕಿಕೊಳ್ಳಬೇಡಿ. ಆ ಲೈನಿಗೆ ಅದು ಹೊಂದುತ್ತದಾ ಅಂತ ಎಲೆಕ್ಟ್ರಿಷಿಯನ್ ನೋಡಿ ಹೇಳಲಿ.

ಹತ್ತು, ಇಪ್ಪತ್ತು ನಿಮಿಷ ಬಿಟ್ಟು ಬಿದ್ದರೆ

ಇದು ಲೋಡ್ ಜಾಸ್ತಿಯಾದ ಲಕ್ಷಣ. ಲೆಕ್ಕ ಸುಲಭ. ಉಪಕರಣದ ಮೇಲೆ ಬರೆದ ವ್ಯಾಟ್‌ಗಳನ್ನೆಲ್ಲ ಕೂಡಿ, ವೋಲ್ಟ್‌ನಿಂದ ಭಾಗಿಸಿ. ಬರುವುದು ಆಂಪಿಯರ್. ಸಪ್ಲೈ 230 ವೋಲ್ಟ್ ಇರುವ ಕಡೆ 16 ಆಂಪಿಯರ್ ಎಂಸಿಬಿಗೆ 3,680 ವ್ಯಾಟ್. 6 ಆಂಪಿಯರ್‌ನದ್ದಕ್ಕೆ 1,380. ಸಪ್ಲೈ 120 ವೋಲ್ಟ್ ಇರುವ ದೇಶಗಳಲ್ಲಿ ಅಷ್ಟೇ ಆಂಪಿಯರ್‌ಗೆ ಸುಮಾರು ಅರ್ಧ ವ್ಯಾಟ್ ಮಾತ್ರ ಸಿಗುತ್ತದೆ.

‘ನಿನ್ನೆ ಇಷ್ಟೇ ಹಾಕಿದ್ವಿ, ಬೀಳಲಿಲ್ಲ, ಇವತ್ತು ಯಾಕೆ ಬಿತ್ತು?’ ಅನ್ನುವ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. 16 ಅಂತ ಬರೆದ ಎಂಸಿಬಿ 16.1ಕ್ಕೆ ಬೀಳುವುದಿಲ್ಲ. ಮನೆಗಳ ಎಂಸಿಬಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಬರೆದದ್ದರ 1.13 ಪಟ್ಟು ಕರೆಂಟನ್ನು ಅದು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು. 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 2,000 ವ್ಯಾಟ್‌ನ ರೂಮ್ ಹೀಟರ್, 2,000 ವ್ಯಾಟ್‌ನ ಗೀಸರ್ ಒಟ್ಟಿಗೆ ಹಾಕಿದಿರಿ ಅನ್ನಿ. ಸುಮಾರು 17.4 ಆಂಪಿಯರ್. ಬೀಳದೆ ಇರಬಹುದು. ಅದೇ ಲೈನಿಗೆ 1,500 ವ್ಯಾಟ್‌ನ ಕೆಟಲ್ ಸೇರಿತು. ಈಗ ಸುಮಾರು 24. ಬಿದ್ದೇ ಬೀಳುತ್ತದೆ, ಆದರೆ ಕೂಡಲೇ ಅಲ್ಲ. ಪಟ್ಟಿ ಬಿಸಿಯಾಗಿ ಬಾಗುವಷ್ಟು ಹೊತ್ತು ಬೇಕು. ಕೆಟಲ್ ಅಷ್ಟರೊಳಗೆ ನೀರು ಕುದಿಸಿ ಆಫ್ ಆದರೆ ಬೀಳುವುದೂ ಇಲ್ಲ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಇಷ್ಟೇ ಇರಬಹುದು. ಬೋರ್ಡ್ ಇರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಈ ಅಳತೆಗಳೆಲ್ಲ 30 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ಬಿಸಿಲು ಬೀಳುವ ಗೋಡೆಯ ಮೇಲೆ, ಒತ್ತೊತ್ತಾಗಿ ಕೂರಿಸಿದ ಎಂಸಿಬಿಗಳು ಇನ್ನೂ ಬೇಗ ಬೀಳುತ್ತವೆ.

ಬಿಸಿ ಮಾಡುವ ಉಪಕರಣಗಳನ್ನು ಒಂದೇ ಲೈನಿಗೆ ಒಟ್ಟಿಗೆ ಹಾಕಬೇಡಿ. ಲೋಡ್ ಜಾಸ್ತಿ ಆಗಿದ್ದಕ್ಕೆ ಪರಿಹಾರ ಅಷ್ಟೇ. ಆ ಜಾಗದಲ್ಲಿ ನಿಜಕ್ಕೂ ಎರಡೂ ಬೇಕು ಅಂದರೆ ಬೋರ್ಡ್‌ನಿಂದ ಇನ್ನೊಂದು ಲೈನ್ ಎಳೆಸಬೇಕು.

ಎಂಸಿಬಿಯನ್ನೇ ದೊಡ್ಡದು ಮಾಡಿದರೆ ಆಯಿತಲ್ಲ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಎಂಸಿಬಿ ಇರುವುದು ನಿಮ್ಮ ಹೀಟರ್ ಕಾಯಲು ಅಲ್ಲ, ಗೋಡೆಯೊಳಗಿನ ತಂತಿ ಕಾಯಲು. 2.5 ಚದರ ಮಿಲಿಮೀಟರ್ ತಂತಿಗೆ 16 ಅಥವಾ 20 ಆಂಪಿಯರ್ ಎಂಸಿಬಿ ಹಾಕುವುದು ವಾಡಿಕೆ. ಅದೇ ತಂತಿಗೆ 32ರದ್ದು ಹಾಕಿದರೆ ಎಂಸಿಬಿ ಬೀಳುವುದು ನಿಲ್ಲುತ್ತದೆ, ಹೌದು. ತಂತಿ ಬಿಸಿಯಾಗುವುದು ನಿಲ್ಲುವುದಿಲ್ಲ. ಗೋಡೆಯೊಳಗೆ ಅದರ ಪ್ಲಾಸ್ಟಿಕ್ ದಿನವೂ ಸ್ವಲ್ಪ ಸ್ವಲ್ಪ ಬೇಯುತ್ತದೆ. ನಿಮಗೆ ಗೊತ್ತಾಗುವುದು ವಾಸನೆ ಬಂದಾಗ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಲೋಡ್ ಕಡಿಮೆಯಿದ್ದೂ ತಡವಾಗಿ ಬೀಳುತ್ತಿದ್ದರೆ ಎರಡು ಅನುಮಾನ. ಎಂಸಿಬಿಯ ಸ್ಕ್ರೂ ಸಡಿಲವಾಗಿ ಆ ಜಾಗ ಬಿಸಿಯಾಗುತ್ತಿರಬಹುದು. ಅಥವಾ ಎಂಸಿಬಿಗೇ ವಯಸ್ಸಾಗಿರಬಹುದು. ಎರಡಕ್ಕೂ ಮುಚ್ಚಳ ಬಿಚ್ಚಬೇಕು, ಹಾಗಾಗಿ ಎರಡೂ ಎಲೆಕ್ಟ್ರಿಷಿಯನ್ ಕೆಲಸ.

ಆರ್‌ಸಿಸಿಬಿ ಬಿದ್ದರೆ: ತಾಳ್ಮೆ ಬೇಕಾದ ಹುಡುಕಾಟ

ಜನ ಜಾಸ್ತಿ ಕಷ್ಟಪಡುವುದು ಇಲ್ಲಿ. ಆರ್‌ಸಿಸಿಬಿ ಬಿದ್ದರೆ ಅದರ ಕೆಳಗಿನ ಲೈನುಗಳೆಲ್ಲ ಒಟ್ಟಿಗೆ ಹೋಗುತ್ತವೆ. ಯಾವ ಲೈನಿನ ತಪ್ಪು ಅಂತ ಅದು ಹೇಳುವುದಿಲ್ಲ.

ಮೊದಲ ಸುತ್ತು ಹೀಗೆ. ಎಲ್ಲ ಎಂಸಿಬಿ ಕೆಳಗೆ ಮಾಡಿ. ಆರ್‌ಸಿಸಿಬಿಯನ್ನು ಪೂರ್ತಿ ಕೆಳಗೊತ್ತಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ. ಒಂದನ್ನು ಎತ್ತಿದಾಗ ಆರ್‌ಸಿಸಿಬಿ ಬಿತ್ತು ಅನ್ನಿ. ಆ ಎಂಸಿಬಿ ಕೆಳಗೇ ಬಿಟ್ಟು ಉಳಿದವನ್ನು ಎತ್ತಿದರೆ ಮನೆಗೆ ಬೆಳಕು ವಾಪಸ್ ಬರುತ್ತದೆ. ಈಗ ಬಿದ್ದ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ಎತ್ತಿ. ನಿಂತರೆ ಕಿತ್ತ ಉಪಕರಣಗಳಲ್ಲಿ ಯಾವುದೋ ಒಂದರಿಂದ ಕರೆಂಟ್ ಲೀಕ್ ಆಗುತ್ತಿದೆ. ಒಂದೊಂದೇ ಹಾಕಿ ಹಿಡಿಯಬಹುದು. ಪ್ಲಗ್ ಎಲ್ಲ ಕಿತ್ತರೂ ಬಿದ್ದರೆ ತಪ್ಪು ವೈರಿಂಗ್‌ನಲ್ಲಿದೆ, ಅಥವಾ ನೇರ ಜೋಡಿಸಿದ ಗೀಸರ್, ಪಂಪ್, ಹೊರಗಿನ ದೀಪಗಳಲ್ಲಿದೆ.

ಬೀಳುವ ಹೊತ್ತು ಇಲ್ಲೂ ಮಾತಾಡುತ್ತದೆ. ವಾಷಿಂಗ್ ಮಷಿನ್ ಹಾಕಿದ ಕೂಡಲೇ ಅಲ್ಲ, ನೀರು ತುಂಬಿ ಬಿಸಿ ಮಾಡಲು ಶುರುಮಾಡಿದಾಗ ಬಿದ್ದರೆ ಅದರ ಹೀಟಿಂಗ್ ಕಾಯಿಲ್ ಹೋಗಿದೆ ಅಂತ ಬಲವಾದ ಅನುಮಾನ. ಯಾರೂ ಏನೂ ಮುಟ್ಟದೆ ಕೆಲವು ಗಂಟೆಗಳಿಗೊಮ್ಮೆ ಬಿದ್ದರೆ ಫ್ರಿಜ್ ನೋಡಿ. ಐಸ್ ಕರಗಿಸುವ ಹೀಟರ್ ಅದರಲ್ಲಿ ಆಗಾಗ ತಾನೇ ಆನ್ ಆಗುತ್ತದೆ. ಮಳೆ ಬಂದಾಗ ಮಾತ್ರ ಬಿದ್ದರೆ ಹೊರಗಿನ ದೀಪ, ಗೇಟಿನ ಬೆಲ್, ಟೆರೇಸಿನ ಸಾಕೆಟ್. ತಿಂಗಳುಗಟ್ಟಲೆ ಬಳಸದ ಗೀಸರ್ ಮೊದಲ ದಿನ ಬೀಳಿಸಿದರೆ ಕಾಯಿಲ್‌ನೊಳಗೆ ತೇವ ಸೇರಿರಬಹುದು.

ಈಗ ಕಷ್ಟದ ಸಂಗತಿ. ಇದು ನಮ್ಮ ಮನೆಯಲ್ಲೇ ಆಗಿದ್ದು. ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿತ್ತು. ಗೀಸರ್ ಬಿಚ್ಚಿಸಿ ತೋರಿಸಿದೆವು. ಏನೂ ಆಗಿಲ್ಲ ಅಂದರು. ಆಮೇಲೆ ಇಸ್ತ್ರಿಪೆಟ್ಟಿಗೆ ಹಾಕಿದಾಗಲೂ ಬಿತ್ತು, ಅದೂ ಬೇರೆ ಲೈನಿನಲ್ಲಿ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಮಲಗುವ ಕೋಣೆಯಲ್ಲಿ ಫೋಟೋ ತೂಗುಹಾಕಲು ಹೊಡೆದ ಮೊಳೆ ಗೋಡೆಯೊಳಗಿನ ನ್ಯೂಟ್ರಲ್ ಮತ್ತು ಅರ್ತ್ ತಂತಿಗಳನ್ನು ಸೇರಿಸಿಬಿಟ್ಟಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಗಿತ್ತು ಗೀಸರ್ ಕಥೆ.

ಯಾಕೆ ಹೀಗೆ? ನ್ಯೂಟ್ರಲ್ ಅರ್ತ್‌ಗೆ ತಾಗಿದ್ದರೆ ಮನೆಯಲ್ಲಿ ಲೋಡ್ ಇಲ್ಲದಾಗ ಏನೂ ಗೊತ್ತಾಗುವುದಿಲ್ಲ. ದೊಡ್ಡದೊಂದು ಉಪಕರಣ ಹಾಕಿದಾಗ, ವಾಪಸ್ ಬರುವ ಕರೆಂಟಿನಲ್ಲಿ ಒಂದು ಪಾಲು ಆ ಮೊಳೆಯ ಮೂಲಕ ಅರ್ತ್‌ಗೆ ಹೋಗುತ್ತದೆ. ಆರ್‌ಸಿಸಿಬಿಯ ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಹಾಕಿದ್ದು ಯಾವ ಉಪಕರಣವೋ ಅದರ ಮೇಲೆ ಅಪವಾದ. ಇದರ ಜೊತೆ ಇನ್ನೊಂದು ತೊಡಕು: ಒಂಟಿ ಪೋಲ್ ಎಂಸಿಬಿ ಕತ್ತರಿಸುವುದು ಫೇಸನ್ನು ಮಾತ್ರ. ಎಂಸಿಬಿ ಕೆಳಗಿದ್ದರೂ ಆ ಲೈನಿನ ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಸಾಕೆಟ್‌ನ ಸ್ವಿಚ್‌ಗಳೂ ಸಾಮಾನ್ಯವಾಗಿ ಹಾಗೇ. ಪ್ಲಗ್ ಕಿತ್ತಿಡಿ ಅಂತ ಮೇಲೆ ಒತ್ತಿ ಹೇಳಿದ್ದು ಇದಕ್ಕೇ. ಹಾಗಾಗಿ ಯಾವ ದೊಡ್ಡ ಉಪಕರಣ ಹಾಕಿದರೂ ಬೀಳುತ್ತಿದ್ದರೆ, ಮನೆಯ ಎಲ್ಲ ಪ್ಲಗ್ ಕಿತ್ತು ಒಂದನ್ನೇ ಹಾಕಿ ನೋಡಿ. ಆಗಲೂ ಬಿದ್ದರೆ ಅದನ್ನು ಕಿತ್ತು ಬೇರೊಂದನ್ನು, ಬೇರೆ ಲೈನಿನಲ್ಲಿ ಹಾಕಿ ನೋಡಿ. ಅದಕ್ಕೂ ಬಿದ್ದರೆ ವೈರಿಂಗ್‌ನಲ್ಲಿ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ ತಾಗಿರುವ ಸಾಧ್ಯತೆ ಜಾಸ್ತಿ. ಇತ್ತೀಚೆಗೆ ಮೊಳೆ ಹೊಡೆದಿದ್ದೀರಾ, ಗೋಡೆ ಕೊರೆದಿದ್ದೀರಾ, ಹೊಸ ಫ್ಯಾನ್ ಹಾಕಿಸಿದ್ದೀರಾ ಅಂತ ನೆನಪು ಮಾಡಿಕೊಳ್ಳಿ.

ಯಾವುದೇ ಒಂದು ಉಪಕರಣ ಕೆಡದೆಯೂ ಆರ್‌ಸಿಸಿಬಿ ಬೀಳಬಹುದು. ಕಂಪ್ಯೂಟರ್, ಟಿವಿ, ಚಾರ್ಜರ್‌ಗಳಲ್ಲಿರುವ ಫಿಲ್ಟರ್ ಸರ್ಕ್ಯೂಟ್‌ಗಳು ತುಸುವೇ ಕರೆಂಟನ್ನು ಅರ್ತ್‌ಗೆ ಬಿಡುತ್ತವೆ. ಒಂದೊಂದರದ್ದು ಚೂರೇ ಚೂರು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಎಲ್ಲ ಕೂಡಿಕೊಳ್ಳುತ್ತದೆ. 30 ಮಿಲಿ ಆಂಪಿಯರ್ ಅಂತ ಬರೆದದ್ದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಂಥ ಮನೆಗೆ ಲೈನುಗಳನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚುವುದು ಒಳ್ಳೆಯದು.

ಪದೇ ಪದೇ ಬೀಳುತ್ತದೆ ಅಂತ ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಜೋಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ. ಮಗುವೊಂದು ಲೀಕ್ ಆಗುತ್ತಿರುವ ಉಪಕರಣ ಮುಟ್ಟಿದರೆ ಹರಿಯುವ ಕರೆಂಟಿಗೆ ಎಂಸಿಬಿ ಬೀಳುವುದೇ ಇಲ್ಲ. ಅದಕ್ಕೆ ಆಂಪಿಯರ್‌ಗಟ್ಟಲೆ ಬೇಕು, ಜೀವಕ್ಕೆ ಅಪಾಯ ಮಾಡಲು ಮಿಲಿ ಆಂಪಿಯರ್‌ಗಳೇ ಸಾಕು. ಆದರೆ ಆರ್‌ಸಿಸಿಬಿ ಇದೆ ಅಂತ ಧೈರ್ಯ ಮಾಡಲೂಬಾರದು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಅದಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದಾಗ

‘ಕರೆಂಟ್ ಹೋಗ್ತಾ ಇದೆ’ ಅಂದರೆ ಅವರು ಮೊದಲಿನಿಂದ ಹುಡುಕಬೇಕು. ಬಿದ್ದದ್ದು ಎಂಸಿಬಿಯಾ ಆರ್‌ಸಿಸಿಬಿಯಾ, ಯಾವ ಭಾಗದ್ದು, ಏನು ಹಾಕಿದ ಎಷ್ಟು ನಿಮಿಷಕ್ಕೆ, ಪ್ಲಗ್ ಕಿತ್ತರೆ ನಿಂತಿತಾ ಅಂತ ಹೇಳಿ. ವೈರಿಂಗ್ ಮೇಲೆ ಅನುಮಾನ ಇದ್ದರೆ ಮೆಗ್ಗರ್ (ತಂತಿಗಳ ನಡುವಿನ ತಡೆ ಅಳೆಯುವ ಉಪಕರಣ) ಹಾಕಿ ನೋಡಲು ಕೇಳಿ. 500 ವೋಲ್ಟ್‌ನಲ್ಲಿ ತಂತಿಗಳ ನಡುವಿನ ತಡೆ ಕನಿಷ್ಠ 1 ಮೆಗಾ ಓಮ್ ಇರಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಅಳೆಯುವುದನ್ನು ಮರೆಯದಂತೆ ನೋಡಿಕೊಳ್ಳಿ. ಅಳೆಯುವ ಮೊದಲು ಎಲ್ಲ ಉಪಕರಣಗಳ ಪ್ಲಗ್ ಕಿತ್ತಿರಬೇಕು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ‘ದೊಡ್ಡ ಎಂಸಿಬಿ ಹಾಕಿಬಿಡ್ತೀನಿ’ ಅಂದರೆ, ಒಳಗಿನ ತಂತಿ ಎಷ್ಟು ದಪ್ಪದ್ದು ಅಂತ ಕೇಳಿ. ಉತ್ತರ ಬರದಿದ್ದರೆ ಬೇರೆಯವರನ್ನು ಕರೆಯಿರಿ.

ಬಿಡುವಿದ್ದಾಗ ಮಾಡಿಡುವ ಎರಡು ಕೆಲಸ

ಒಂದು ಭಾನುವಾರ ಇಬ್ಬರು ಕೂಡಿ ಎಂಸಿಬಿಗಳಿಗೆ ಹೆಸರು ಬರೆಯಿರಿ. ಒಬ್ಬರು ಒಂದೊಂದೇ ಕೆಳಗೆ ಮಾಡಲಿ, ಇನ್ನೊಬ್ಬರು ಎಲ್ಲಿ ಹೋಯಿತು ಅಂತ ಕೂಗಿ ಹೇಳಲಿ. ‘ಅಡುಗೆಮನೆ ಸಾಕೆಟ್’, ‘ಮೇಲಿನ ಗೀಸರ್’ ಅಂತ ಚೀಟಿ ಅಂಟಿಸಿ. ಕತ್ತಲಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು, ಆರ್‌ಸಿಸಿಬಿಯ ಟೆಸ್ಟ್ ಬಟನ್. ಕಂಪನಿ ಹೇಳಿದ ಅವಧಿಗೊಮ್ಮೆ, ಹೇಳಿದ್ದು ಗೊತ್ತಿಲ್ಲದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಿ. ಕಂಪ್ಯೂಟರ್ ಆಫ್ ಮಾಡಿಕೊಂಡು ಒತ್ತಿ. ಟಪ್ ಅಂತ ಬಿದ್ದರೆ ಮತ್ತೆ ಎತ್ತಿ, ಕೆಲಸ ಮುಗಿಯಿತು. ಬೋರ್ಡಿಗೆ ಕರೆಂಟ್ ಇದ್ದೂ ಬೀಳದಿದ್ದರೆ ಅದನ್ನು ನಂಬುವಂತಿಲ್ಲ. ಅವತ್ತೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ಬದಲಿಸುವವರೆಗೆ ಗೀಸರ್, ವಾಷಿಂಗ್ ಮಷಿನ್‌ನಂಥ ನೀರಿನ ಉಪಕರಣಗಳನ್ನು ಆನ್ ಮಾಡಬೇಡಿ.